ಬಿಟ್‌ಸ್ಕ್ವಿಡ್ ಕೈಬದಲಾದ ಮೇಲೆ

ಚಿತ್ರವನ್ನು ಪರದೆಗೆ ತರುವುದು, ವಸ್ತುಗಳ ಡಿಕ್ಕಿಯನ್ನು ಲೆಕ್ಕಹಾಕುವುದು, ಧ್ವನಿಯನ್ನು ಹೊಂದಿಸುವುದು ಮುಂತಾಗಿ ಯಾವುದೇ ವಿಡಿಯೊ ಗೇಮಿಗೆ ಬೇಕಾಗುವ ಕೆಲಸಗಳನ್ನು ಒಂದೆಡೆ ಕೂಡಿಸಿಟ್ಟ ತಂತ್ರಾಂಶವನ್ನು ಗೇಮ್ ಎಂಜಿನ್ ಎನ್ನುತ್ತಾರೆ. ಸ್ಟಾಕ್‌ಹೋಮಿನ ಬಿಟ್‌ಸ್ಕ್ವಿಡ್ ಎಂಬ ಇಂತಹ ಎಂಜಿನ್ನನ್ನು 2014ರಲ್ಲಿ ಅಮೆರಿಕದ ಆಟೋಡೆಸ್ಕ್ ಕೊಂಡಾಗ ಬಳಕೆದಾರರು ಸಂಶಯಪಡಲು ಕಾರಣವಿತ್ತು: ಅದೇ ಕಂಪನಿ 2008ರಲ್ಲಿ ಕೊಂಡಿದ್ದ ಸಾಫ್ಟ್‌ಇಮೇಜ್ ಎಂಬ ಅನಿಮೇಷನ್ ತಂತ್ರಾಂಶಕ್ಕೆ ಇನ್ನು ಹೊಸ ಆವೃತ್ತಿಗಳಿಲ್ಲವೆಂದು ಸಾರಿ ಕೆಲವೇ ತಿಂಗಳಾಗಿತ್ತು. ಪುಣೆಯ ಸದಾಶಿವ ಪೇಠದ ಬಾಡಿಗೆ ಕೋಣೆಯಲ್ಲಿದ್ದು ಮಾಯಾ, ಥ್ರೀಡಿಎಸ್ ಮ್ಯಾಕ್ಸ್ ಎಂಬ ತಂತ್ರಾಂಶಗಳನ್ನು ಕಲಿಯುವ ವಿದ್ಯಾರ್ಥಿಗೂ (ಎರಡೂ ಆಟೋಡೆಸ್ಕಿನವೇ) ಇದು ದೂರದ ಸುದ್ದಿಯಲ್ಲ; ಒಂದು ತಂತ್ರಾಂಶದಲ್ಲಿ ವರ್ಷಗಟ್ಟಲೆ ಪಳಗಿದವರು, ಅದು ನಿಂತ ದಿನ ಮತ್ತೆ ಓನಾಮದಿಂದ ತೊಡಗಬೇಕಾಗುತ್ತದೆ.

ಸಂಶಯ ಸುಳ್ಳಾಗಲಿಲ್ಲ. 2015ರಲ್ಲಿ ಸ್ಟಿಂಗ್‌ರೇ ಎಂಬ ಹೊಸ ಹೆಸರಿನಲ್ಲಿ, ಚಂದಾ ಕಟ್ಟಿ ಬಳಸುವ ಸರಕಾಗಿ ಬಂದ ಎಂಜಿನ್ನು, ಅನ್‌ರಿಯಲ್ ಮತ್ತು ಯೂನಿಟಿ ಎಂಬ ಪ್ರತಿಸ್ಪರ್ಧಿ ಎಂಜಿನ್ನುಗಳ ಎದುರು ನೆಲೆಯೂರಲಾರದೆ 2018ರ ಜನವರಿಯಲ್ಲಿ ಮಾರಾಟದಿಂದ ಮರೆಯಾಯಿತು. ವಿಚಿತ್ರವೆಂದರೆ, 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಮೂರು ತಿಂಗಳೊಳಗೆ 1 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಹೆಲ್‌ಡೈವರ್ಸ್ 2 ಎಂಬ ಆಟ ನಿಂತಿರುವುದು ಈ ಕೈಬಿಟ್ಟ ಎಂಜಿನ್ನಿನ ಮೇಲೆಯೇ. ಆಟವನ್ನು ರೂಪಿಸುತ್ತಿದ್ದ ಸ್ವೀಡನ್ನಿನ ಆರೋಹೆಡ್ ಸ್ಟುಡಿಯೊ, ಬೆಂಬಲವಿಲ್ಲದ ಆ ಎಂಜಿನ್ನನ್ನು ತಾನೇ ತಿದ್ದಿಕೊಳ್ಳುತ್ತ ಮುಂದುವರಿಯಬೇಕಾಯಿತು.