ಜೊಳ್ಳಿನ ಜೊತೆ ಕಾಳೂ ಹಾರೀತು!

ಕಣದಲ್ಲಿ ಜೋಳ ತೂರುವುದು ಹೇಗೆಂದು ವಿಜಯಪುರದ ಮಗ್ಗುಲಿನ ಭೂತನಾಳದ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ. ಗಾಳಿ ಹದವಾಗಿದ್ದರೆ ಹೊಟ್ಟು ದೂರ ಹೋಗಿ ಬೀಳುತ್ತದೆ, ಕಾಳು ಕಾಲ ಬುಡದಲ್ಲೇ ರಾಶಿಯಾಗುತ್ತದೆ. ಗಾಳಿ ಸಾಲದಿದ್ದರೆ ಕಾಳಿನಲ್ಲಿ ಹೊಟ್ಟು ಉಳಿಯುತ್ತದೆ. ಜೋರಾದರೆ ಹೊಟ್ಟಿನ ಜೊತೆ ಸಣ್ಣ ಕಾಳೂ ಹಾರಿಹೋಗುತ್ತದೆ. ಈಗ ಯಂತ್ರ ಬಂದು ಆ ಕೆಲಸ ಬಹುಮಟ್ಟಿಗೆ ತಪ್ಪಿದೆ. ಆದರೆ ಅದೇ ಮನೆಗಳ ಮಕ್ಕಳ ಮೊಬೈಲಿನೊಳಗೆ ಇನ್ನೊಂದು ಬಗೆಯ ತೂರುವಿಕೆ ಹಗಲೂ ರಾತ್ರಿ ನಡೆದಿದೆ.

ಬೇಡದ ಇ-ಮೇಲ್‌ಗೆ ಸ್ಪ್ಯಾಮ್ ಎಂದು ಹೆಸರು. 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಗ್ಯಾರಿ ಥರ್ಕ್ ಎಂಬಾತ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಒಮ್ಮೆಗೇ ಕಳಿಸಿದ. ಈ ಪಿಡುಗಿನ ಮೂಲಪುರುಷನೆಂದು ಹೇಳುವುದು ಅವನನ್ನೇ. ಕಾಗದಕ್ಕಾದರೆ ಅಂಚೆಚೀಟಿ ಹಚ್ಚಬೇಕು, ಇ-ಮೇಲ್‌ಗೆ ಆ ಖರ್ಚಿಲ್ಲ. ಲಕ್ಷ ಜನರಿಗೆ ಕಳಿಸಿ ಹತ್ತು ಜನ ಮರುಳಾದರೂ ಲಾಭವೇ! ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಗೆಳೆಯನೊಡನೆ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್ ಪುಕ್ಕಟೆಯಾಗಿತ್ತು. ಅದರ ಪತ್ರಗಳ ಅಡಿಯಲ್ಲೂ ಹಾಟ್‌ಮೇಲಿನದೇ ಒಂದು ಸಾಲಿನ ಜಾಹೀರಾತು ಇರುತ್ತಿತ್ತು.

ಹಾಗಾದರೆ ಯಂತ್ರ ಜೊಳ್ಳನ್ನು ಗುರುತಿಸುವುದು ಹೇಗೆ? ಪತ್ರದ ಅರ್ಥ ತಿಳಿದೇ? ಅಲ್ಲ, ಎಣಿಸಿ! ಒಂದು ಸಣ್ಣ ಲೆಕ್ಕ ಮಾಡೋಣ. 100 ಪತ್ರಗಳಲ್ಲಿ 60 ಸ್ಪ್ಯಾಮ್, 40 ಒಳ್ಳೆಯವು ಎಂದುಕೊಳ್ಳಿ. ‘ಬಹುಮಾನ’ ಎಂಬ ಪದ 30 ಸ್ಪ್ಯಾಮ್‌ಗಳಲ್ಲೂ 2 ಒಳ್ಳೆಯ ಪತ್ರಗಳಲ್ಲೂ ಇದೆ. ನಾಳೆ ‘ಬಹುಮಾನ’ ಎಂದಿರುವ ಹೊಸ ಪತ್ರ ಬಂದರೆ ಅದು ಸ್ಪ್ಯಾಮ್ ಆಗುವ ಸಂಭವ 32ರಲ್ಲಿ 30, ಅಂದರೆ ಸುಮಾರು ಶೇ. 94. ಹೀಗೆ ಹಲವು ಪದಗಳ ಸಂಭವವನ್ನು ಕೂಡಿಸಿ ತೀರ್ಪು ಕೊಡಲಾಗುತ್ತದೆ. ಇದರ ಹಿಂದಿರುವುದು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್‌ನ ಪ್ರಮೇಯ. ಅದು ಪ್ರಕಟವಾದದ್ದು 1763ರಲ್ಲಿ, ಆತ ತೀರಿಕೊಂಡ ಮೇಲೆ. ಪಾಲ್ ಗ್ರಹಾಂ 2002ರಲ್ಲಿ ಬರೆದ ಲೇಖನದಿಂದ ಈ ವಿಧಾನ ಮನೆಮಾತಾಯಿತು. ಇಂದಿನ ಫಿಲ್ಟರುಗಳು ಇನ್ನೂ ಜಾಣ, ಕಳಿಸಿದವರ ವಿಳಾಸ, ಕೊಂಡಿಗಳನ್ನೂ ನೋಡುತ್ತವೆ.

ತೊಡಕಿರುವುದು ಇಲ್ಲೇ. ‘ಹಣ ಮಂಜೂರಾಗಿದೆ’, ‘ಕೂಡಲೇ ಅರ್ಜಿ ಹಾಕಿ’, ‘ಇಂದೇ ಕೊನೆಯ ದಿನ’... ಮೋಸಗಾರನ ಮಾತೂ ಇದೇ, ನಿಜವಾದ ವಿದ್ಯಾರ್ಥಿವೇತನದ ಪತ್ರದ ಮಾತೂ ಇದೇ! ಕಾಲೇಜಿನ ಕರೆ ಸ್ಪ್ಯಾಮ್ ಕಪಾಟಿಗೆ ಬಿದ್ದರೆ ಮೊಬೈಲು ಟಿಂಗ್ ಎನ್ನುವುದೂ ಇಲ್ಲ. ಜಿಮೇಲ್‌ನಲ್ಲಿ ಆ ಕಪಾಟು 30 ದಿನಕ್ಕೆ ತಾನೇ ಖಾಲಿಯಾಗುತ್ತದೆ. ಆದ್ದರಿಂದ ಪ್ರವೇಶ, ಫಲಿತಾಂಶದ ದಿನಗಳಲ್ಲಿ ವಾರಕ್ಕೆರಡು ಸಲವಾದರೂ ಅಲ್ಲಿ ಇಣುಕಬೇಕು. ಒಳ್ಳೆಯ ಪತ್ರ ಸಿಕ್ಕರೆ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿದರೆ ಯಂತ್ರ ಅದನ್ನು ಕಲಿತುಕೊಳ್ಳುತ್ತದೆ. ಅಪರಿಚಿತ ಪತ್ರದ ಕೊಂಡಿ ಮಾತ್ರ ಒತ್ತಬಾರದು. ‘ಇನ್ನು ಕಳಿಸಬೇಡಿ’ ಎಂಬ ಕೊಂಡಿ ಒತ್ತಿದರೂ ಈ ವಿಳಾಸದಲ್ಲಿ ಜೀವವಿದೆ ಎಂಬ ಸುಳಿವು ಸಿಕ್ಕಂತೆ.

ಪಾಲಕರಿಗೆ ಇ-ಮೇಲ್‌ಗಿಂತ ಎಸ್‌ಎಂಎಸ್ ಕಾಟವೇ ಹೆಚ್ಚು. 1909ಕ್ಕೆ ‘ಸ್ಟಾರ್ಟ್ 0’ ಎಂದು ಇಂಗ್ಲಿಷಿನಲ್ಲಿ ಕಳಿಸಿದರೆ ನೋಂದಾಯಿತ ಕಂಪನಿಗಳ ಜಾಹೀರಾತು ನಿಲ್ಲುತ್ತದೆ. ಬ್ಯಾಂಕಿನ ಒಟಿಪಿಗೆ ಅಡ್ಡಿಯಿಲ್ಲ. 2025ರ ನಿಯಮದಂತೆ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ‘ಪಿ’ ಎಂದರೆ ಜಾಹೀರಾತು, ‘ಜಿ’ ಎಂದರೆ ಸರ್ಕಾರ. ಹತ್ತಂಕಿಯ ನಂಬರಿನಿಂದ ಬರುವ ವಂಚಕನ ಸಂದೇಶಕ್ಕೆ ಈ ಗುರುತು ಇರದು. ಹಣ ಕಳೆದುಕೊಂಡವರು ಕರೆ ಮಾಡಬೇಕಾದದ್ದು 1930ಕ್ಕೆ, ಅದೂ ತಡಮಾಡದೆ.