‘ಮತ್ತು ಸಂಗಡಿಗರು’

ಶ್ರಾವಣ ಮಾಸ ಬಂದಿತೆಂದರೆ ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ವಚನ ಗಾಯನಕ್ಕೆ ಕೊರತೆಯಿರುವುದಿಲ್ಲ. ಬನಶಂಕರಿಯ ಮನೆಗಳ ಮಹಡಿಯಲ್ಲಿ, ಜೆ.ಪಿ. ನಗರದ ಸಮುದಾಯ ಭವನಗಳಲ್ಲಿ, ಜಯನಗರ 8ನೇ ಬ್ಲಾಕಿನ ಜೆ.ಎಸ್.ಎಸ್. ಸಭಾಂಗಣದಲ್ಲಿ ಶರಣರ ನುಡಿಗಳು ರಾಗದ ಉಡುಗೆಯುಟ್ಟು ಭಕ್ತರ ಕಿವಿಗೆ ಬೀಳುತ್ತವೆ. ಇಂತಹ ಸಮಾರಂಭಗಳ ಆಮಂತ್ರಣ ಪತ್ರಿಕೆಗಳು ನಮ್ಮ ಮೇಜಿನ ಮೇಲೆ ರಾಶಿಯಾಗಿ ಬೀಳುತ್ತವೆ. ಸಾನ್ನಿಧ್ಯ ವಹಿಸುವವರು, ಅಧ್ಯಕ್ಷರು, ಉಪನ್ಯಾಸಕರು, ದಾಸೋಹದ ಸೇವಾರ್ಥಿಗಳು, ಎಲ್ಲರ ಹೆಸರೂ ಬಿರುದು ಸಹಿತ ಅಚ್ಚಾಗಿರುತ್ತದೆ. ಕೊನೆಗೆ ಒಂದು ಸಾಲು: ವಚನ ಗಾಯನ, ಇಂಥವರು ‘ಮತ್ತು ಸಂಗಡಿಗರು’.

ಈ ಎರಡು ಪದಗಳನ್ನು ಕಂಡಾಗಲೆಲ್ಲ ನಮ್ಮ ಮನಸ್ಸು ಮುದುಡುತ್ತದೆ. ಅದಕ್ಕೊಂದು ಕಾರಣವುಂಟು.

ಹಲವು ವರುಷಗಳ ಹಿಂದಿನ ಮಾತು. ಜಯನಗರದಲ್ಲಿ ನಡೆದ ಒಂದು ಬಸವ ಜಯಂತಿಯ ಆಮಂತ್ರಣವನ್ನು ಸಿದ್ಧಪಡಿಸುವ ಹೊಣೆ ನಮ್ಮದಾಗಿತ್ತು. ಹಾಳೆಯಲ್ಲಿ ಸ್ಥಳ ಸಾಲದೆಂದು ಗಾಯಕಿಯ ಹೆಸರಿನ ಮುಂದೆ ‘ಮತ್ತು ಸಂಗಡಿಗರು’ ಎಂದು ಬರೆದು ಮುಗಿಸಿದೆವು. ಅಂದು ಮೂರನೆಯ ವಚನದ ನಡುವೆ ಆ ತಾಯಿಯ ಕಂಠ ಕಟ್ಟಿತು. ಸಭೆ ಸ್ತಬ್ಧವಾಯಿತು. ಆದರೆ ಹಾಡು ನಿಲ್ಲಲಿಲ್ಲ. ಪಕ್ಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ತಲೆ ಎತ್ತದೆ, ಆಕೆ ಬಿಟ್ಟ ಸ್ವರದಿಂದಲೇ ಎತ್ತಿಕೊಂಡು ವಚನದ ಧಾಟಿಯನ್ನು ನುಡಿಸುತ್ತ ಹೋದರು. ತಬಲಾದವರು ಠೇಕಾವನ್ನು ಕೊಂಚವೂ ಸಡಿಲಿಸಲಿಲ್ಲ. ಆಕೆ ಬಿಸಿನೀರು ಕುಡಿದು ಸುಧಾರಿಸಿಕೊಳ್ಳುವ ತನಕ ನಾಲ್ಕಾರು ಆವರ್ತನಗಳು ಸಂದವು. ಮತ್ತೆ ಸಮಕ್ಕೆ ಸರಿಯಾಗಿ ಆಕೆಯ ದನಿ ಬಂದು ಸೇರಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಸನ್ಮಾನದ ವೇಳೆಗೆ ನಾವು ತರಿಸಿದ್ದುದು ಒಂದೇ ಶಾಲು, ಒಂದೇ ಹಣ್ಣಿನ ಬುಟ್ಟಿ. ಕಾರ್ಯಕ್ರಮ ಮುಗಿದ ಮೇಲೆ ಗೌರವಧನದ ರಸೀದಿ ಬರೆಯಲು ಕುಳಿತಾಗ ಆ ಹಿರಿಯರ ಹೆಸರೇ ನಮಗೆ ತಿಳಿಯದೆಂಬುದು ಹೊಳೆಯಿತು. ಸಂಕೋಚದಿಂದ ಕೇಳಿದೆವು. ಅವರು ಪೆಟ್ಟಿಗೆಗೆ ಬಟ್ಟೆ ಸುತ್ತುತ್ತ, ಸಿಟ್ಟಿನ ಸುಳಿವೂ ಇಲ್ಲದೆ, “ಸಂಗಡಿಗರು ಅಂತಲೇ ಬರೀರಿ ಬುದ್ಧೀ, ಆಮಂತ್ರಣದಾಗ ಹಂಗೇ ಐತಲ್ಲ” ಎಂದರು. ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಹಿಂದೆ ಕುಳಿತವರ ಕಾಯಕ

ಹಾಡುವವರ ಸುತ್ತ ಕುಳಿತವರು ಮಾಡುವುದೇನು? ಮೊದಲನೆಯದು ತಂಬೂರಿ. ಅದರ ನಾಲ್ಕು ತಂತಿಗಳು ಸಾಮಾನ್ಯವಾಗಿ ಪಂಚಮ, ಎರಡು ಷಡ್ಜ ಮತ್ತು ಮಂದ್ರ ಷಡ್ಜಕ್ಕೆ ಶ್ರುತಿಗೊಂಡಿರುತ್ತವೆ. ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ಒಂದು ಎಳೆ ನೂಲಿನಿಂದ ಅದಕ್ಕೆ ಜೀವಾಳ ಬರುತ್ತದೆ. ಗಾಯಕ ಎಷ್ಟೇ ದೂರ ವಿಹರಿಸಿದರೂ ಮರಳಿ ಬರಬೇಕಾದ ಮನೆ ಅದು. ಎರಡನೆಯದು ತಬಲಾ. ವಿಲಂಬಿತ ಏಕತಾಳದ ಹನ್ನೆರಡು ಮಾತ್ರೆಗಳನ್ನು ಹೆಚ್ಚೂ ಕಡಿಮೆಯೂ ಆಗದಂತೆ ಗಂಟೆಗಟ್ಟಲೆ ಹಿಡಿದಿಡುವುದು ಸಾಮಾನ್ಯ ತಪಸ್ಸಲ್ಲ. ತನ್ನ ಕೈಚಳಕವನ್ನು ತೋರಬಲ್ಲವನು ಅದನ್ನು ಅಡಗಿಸಿಕೊಂಡು ಕುಳಿತಿರಬೇಕು. ಮೂರನೆಯದು ಹಾರ್ಮೋನಿಯಂ. ಗಾಯಕ ಮುಂದೆ ಎಲ್ಲಿಗೆ ಹೋಗುವನೆಂದು ತಿಳಿಯದೆ, ನೆರಳಿನಂತೆ ಒಂದು ಕ್ಷಣ ತಡವಾಗಿ ಅನುಸರಿಸಬೇಕು. ಅವನು ಉಸಿರೆಳೆದುಕೊಳ್ಳುವಾಗ ಉಂಟಾಗುವ ಬಯಲನ್ನು ತುಂಬಬೇಕು. ಅವನು ಮರಳಿದ ಕೂಡಲೇ ಹಿಂದೆ ಸರಿಯಬೇಕು.

ಈ ಹಾರ್ಮೋನಿಯಂ ಪಟ್ಟ ಅವಮಾನವೂ ಕಡಿಮೆಯದಲ್ಲ. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳಿಗೆ ಒಗ್ಗದ ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. ಮೂರು ದಶಕಗಳ ಕಾಲ ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಅಂತಹ ವಾದ್ಯವನ್ನೇ ಬಾಳಿನ ಕಾಯಕವಾಗಿಸಿಕೊಂಡವರು ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರು. ಹಿಂದೂಸ್ತಾನಿ ಸಂಗೀತದ ಮಹಾನ್ ಗಾಯಕರನೇಕರಿಗೆ ಸಾಥ್ ನೀಡಿದ ಆ ಹಿರಿಯರು 2010ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅಗಲಿದರು. ಅವರ ಶಿಷ್ಯರಾದ ರವೀಂದ್ರ ಕಾಟೋಟಿಯವರು ನಮ್ಮ ಬೆಂಗಳೂರಿನಲ್ಲಿಯೇ ನೆಲೆಸಿ ಆ ಪರಂಪರೆಯನ್ನು ಮುಂದುವರಿಸಿದ್ದಾರೆ.

ದನಿಗೆ ದನಿಯಾದವರು

ವಾದ್ಯಕ್ಕಿಂತಲೂ ಕಠಿಣವಾದುದು ಸಹಗಾಯನ. ವಚನಗಳನ್ನು ಶಾಸ್ತ್ರೀಯ ಸಂಗೀತದ ವೇದಿಕೆಗೆ ಏರಿಸಿದವರಲ್ಲಿ ಅಗ್ರಗಣ್ಯರಾದ ಮಲ್ಲಿಕಾರ್ಜುನ ಮನಸೂರರ (1910-1992) ಹಿಂದೆ ಕುಳಿತು ದನಿಗೂಡಿಸುತ್ತಿದ್ದವರು ಅವರ ಮಗ ರಾಜಶೇಖರ ಮನಸೂರರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ಸಂಜೆಯ ವೇದಿಕೆಯಲ್ಲಿ ತಂದೆಯ ದನಿಗೆ ದನಿಯಾಗುತ್ತಿದ್ದರು. ಗಂಗೂಬಾಯಿ ಹಾನಗಲ್ಲರ (1913-2009) ಗಂಭೀರ ಕಂಠಕ್ಕೆ ಮಗಳು ಕೃಷ್ಣಾ ಹಾನಗಲ್ಲರ ಕಂಠ ದಶಕಗಳ ಕಾಲ ಜೊತೆಯಾಯಿತು. ತಬಲಾದ ಮೇಲೆ ಅದೇ ಮನೆತನದ ಶೇಷಗಿರಿ ಹಾನಗಲ್ ಇರುತ್ತಿದ್ದರು. ಸ್ವತಂತ್ರವಾಗಿ ಹಾಡಬಲ್ಲ ಸಾಮರ್ಥ್ಯವಿದ್ದೂ ಕೃಷ್ಣಾ ಅವರು ತಾಯಿಯ ಹಿಂದಿನ ಸ್ಥಾನವನ್ನೇ ತಮ್ಮದೆಂದು ಬಗೆದರು. 2004ರಲ್ಲಿ ಅವರು ತೀರಿಕೊಂಡಾಗ ವೃದ್ಧ ತಾಯಿ ಕಳೆದುಕೊಂಡುದು ಮಗಳನ್ನು ಮಾತ್ರವಲ್ಲ, ತಮ್ಮ ಹಾಡಿನ ಅರ್ಧವನ್ನು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾದೀತು. ಹಾನಗಲ್ಲ ಕುಮಾರ ಶಿವಯೋಗಿಗಳ ಆಸರೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು (1892-1944) ಅಂಧ, ಅನಾಥ ಮಕ್ಕಳಿಗೆ ಸಂಗೀತವನ್ನೇ ಅನ್ನವಾಗಿ ಕೊಟ್ಟರು. ಅವರ ಉತ್ತರಾಧಿಕಾರಿ, ಸ್ವತಃ ಅಂಧರಾದ ಪುಟ್ಟರಾಜ ಗವಾಯಿಗಳು (1914-2010) ಹಾಡುಗಾರಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ನುಡಿಸಬಲ್ಲವರಾಗಿದ್ದರು. ಆ ಆಶ್ರಮದಿಂದ ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂತಹ ನಾಯಕ ಗಾಯಕರು ಹೊರಬಂದುದು ಎಲ್ಲರಿಗೂ ಗೊತ್ತು. ಆದರೆ ತಬಲಾ, ಹಾರ್ಮೋನಿಯಂ, ಪಿಟೀಲು ಕಲಿತು, ಊರೂರಿನ ಪುರಾಣ, ಕೀರ್ತನ, ಭಜನೆಗಳಲ್ಲಿ ಪಕ್ಕವಾದ್ಯ ನುಡಿಸಿ ಬದುಕು ಕಟ್ಟಿಕೊಂಡವರ ಹೆಸರನ್ನು ಯಾರು ಬಲ್ಲರು? ಮಠದಲ್ಲಿ ಓದುತ್ತಿದ್ದ ಕಾಲಕ್ಕೆ ಶ್ರಾವಣದ ಪುರಾಣ ಪ್ರವಚನದಲ್ಲಿ ಅಂತಹ ಅಂಧ ವಾದಕರನ್ನು ನಾವು ಕಂಡಿದ್ದೆವು. ಶಾಸ್ತ್ರಿಗಳು ಉಸಿರು ಬಿಡುವ ರೀತಿಯಿಂದಲೇ ಮುಂದಿನ ಪದ್ಯದ ಮಟ್ಟನ್ನು ಅವರು ಅರಿಯುತ್ತಿದ್ದರು.

ಶರಣರು ತೋರಿದ ಮಾರ್ಗ

ಹನ್ನೆರಡನೆಯ ಶತಮಾನದತ್ತ ತಿರುಗಿ ನೋಡೋಣ. ಕಿನ್ನರಿ ನುಡಿಸಿದ ಶರಣ ‘ಕಿನ್ನರಿ ಬೊಮ್ಮಯ್ಯ’ನಾದನು. ಢಕ್ಕೆ ಬಾರಿಸಿದ ಶರಣ ‘ಢಕ್ಕೆಯ ಬೊಮ್ಮಣ್ಣ’ನಾದನು. ಎಂಟುನೂರು ವರುಷಗಳು ಕಳೆದರೂ ವಾದ್ಯವೇ ಹೆಸರಿನ ಕಿರೀಟವಾಗಿ ಅವರು ಉಳಿದಿದ್ದಾರೆ. ಅವರನ್ನು ಯಾರೂ ‘ಸಂಗಡಿಗರು’ ಎಂಬ ಒಂದೇ ಚೀಲದಲ್ಲಿ ತುಂಬಲಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರುವ ವಚನವನ್ನು ಹಾಡಿಸುತ್ತ, ಅದೇ ವೇದಿಕೆಯ ಮೇಲೆ ಮುಂದಿನವರಿಗೆ ಶಾಲು, ಹಿಂದಿನವರಿಗೆ ಬರಿಯ ಬಸ್ ಚಾರ್ಜು ಕೊಡುವ ನಮ್ಮ ನಡೆಗೆ ಏನೆನ್ನಬೇಕು?

ಬಿ.ಟಿ.ಎಂ. ಬಡಾವಣೆಯ ಯುವಕನೊಬ್ಬ ಈಚೆಗೆ ನಮ್ಮ ಬಳಿ ಈ ಮಾತು ಬಂದಾಗ ಪಾಶ್ಚಾತ್ಯರ ಒಂದು ಸಂಗತಿಯನ್ನು ತಿಳಿಸಿದನು. 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬಾಬ್ ಡಿಲನ್ ಎಂಬ ಗಾಯಕ 1965-66ರಲ್ಲಿ ಸಂಚಾರ ಹೊರಟಾಗ ಹಿಂದೆ ನುಡಿಸಿದ ಮೇಳವೊಂದಿತ್ತಂತೆ. ಅದೇ ಮೇಳದವರು 1968ರಲ್ಲಿ ತಮ್ಮದೇ ಮೊದಲ ಧ್ವನಿಮುದ್ರಿಕೆಯನ್ನು ಹೊರತಂದಾಗ ಇಟ್ಟುಕೊಂಡ ಹೆಸರು ‘ದಿ ಬ್ಯಾಂಡ್’, ಅಂದರೆ ಬರಿಯ ‘ಮೇಳ’. ಹಿಂದಿನವರು ಎಂಬುದನ್ನೇ ಅವರು ಹೆಮ್ಮೆಯ ಹೆಸರಾಗಿಸಿಕೊಂಡರು. ಆ ಐವರ ಹೆಸರೂ ಈ ಯುವಕನಿಗೆ ಕಂಠಪಾಠ! ನಮ್ಮ ಮನೆಯ ವೇದಿಕೆಯಲ್ಲಿ ಕುಳಿತ ಮೂವರ ಹೆಸರು ನಮಗೆ ಬಾರದು.

ಈಗ ಇನ್ನೊಂದು ಆತಂಕವೂ ಇದೆ. 1970ರ ದಶಕದ ಕೊನೆಗೆ ಬೆಂಗಳೂರಿನವರೇ ಆದ ಜಿ. ರಾಜ್‌ನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿ ಏಕಾಂತದಲ್ಲಿ ಅಭ್ಯಾಸ ಮಾಡುವವರಿಗೆ ಮಹೋಪಕಾರ ಮಾಡಿದರು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಮೊದಲೇ ಮುದ್ರಿಸಿಟ್ಟ ವಾದ್ಯಘೋಷವನ್ನು ಮೊಬೈಲಿನಿಂದ ಹರಿಸಿ ಅದರ ಮೇಲೆ ವಚನ ಹಾಡಿಸುವ ಪರಿಪಾಠ ಇಂದು ಸಭೆ ಸಮಾರಂಭಗಳಲ್ಲಿ ಬೆಳೆಯುತ್ತಿದೆ. ಖರ್ಚು ಉಳಿಯುವುದು ನಿಜ. ಆದರೆ ಕಂಠ ಕಟ್ಟಿದ ಗಾಯಕಿಗಾಗಿ ಆ ಯಂತ್ರ ಕಾಯುವುದೇ? ಬಿದ್ದ ಸ್ವರವನ್ನು ಎತ್ತಿಕೊಳ್ಳುವುದೇ?

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಆಮಂತ್ರಣದಲ್ಲಿ ತಬಲಾ, ಹಾರ್ಮೋನಿಯಂ, ತಂಬೂರಿ, ಸಹಗಾಯನ ಎಂದು ಬಿಡಿಬಿಡಿಯಾಗಿ ಹೆಸರು ಹಾಕಿಸಿರಿ. ಸ್ಥಳ ಸಾಲದಿದ್ದರೆ ನಮ್ಮಂತಹ ಉಪನ್ಯಾಸಕರ ಬಿರುದುಗಳನ್ನು ಕಡಿಮೆ ಮಾಡಿರಿ. ಶಾಲು ಹೊದಿಸುವುದಾದರೆ ಎಲ್ಲರಿಗೂ ಹೊದಿಸಿರಿ. ದಾಸೋಹದ ಪಂಕ್ತಿಯಲ್ಲಿ ಅವರನ್ನು ಗಾಯಕರೊಡನೆ ಕೂರಿಸಿರಿ.

ಬಸವಣ್ಣನವರು ಕೂಡಲಸಂಗಮದೇವನಲ್ಲಿ ತಮ್ಮ ದೇಹವನ್ನೇ ತಂತಿವಾದ್ಯವಾಗಿಸಿ ನುಡಿಸಿಕೊಳ್ಳೆಂದು ಬೇಡಿದರೆಂಬುದನ್ನು ಬಲ್ಲೆವು. ಗಾಯಕನಾಗುತ್ತೇನೆ ಎನ್ನಲಿಲ್ಲ; ವಾದ್ಯವಾಗುತ್ತೇನೆ ಎಂದರು. ಆ ವಚನವನ್ನು ಕೇಳಿ ತಲೆದೂಗುವ ನಾವು ಅದನ್ನು ನುಡಿಸಿದವರ ಹೆಸರನ್ನು ಮರೆಯಬಾರದು.

ಅಂದು ಆ ಹಿರಿಯರು ಕೊನೆಗೆ ತಮ್ಮ ಹೆಸರನ್ನು ಹೇಳಿದರು. ರಸೀದಿಯಲ್ಲಿ ಬರೆದುಕೊಂಡೆವು. ಮರುವರ್ಷದ ಆಮಂತ್ರಣದಲ್ಲಿ ಅದನ್ನು ಅಚ್ಚು ಹಾಕಿಸಿ, ಕೊಡಲು ಅವರ ಮನೆಯನ್ನು ಹುಡುಕಿಕೊಂಡು ಹೋದೆವು. ಅವರು ಲಿಂಗೈಕ್ಯರಾಗಿ ಮೂರು ತಿಂಗಳಾಗಿತ್ತು.