ಕ್ಷಮೆ ಬೇಡುವ ಧರ್ಮ

ದಶಲಕ್ಷಣ ಧರ್ಮಗಳಲ್ಲಿ ಮೊದಲನೆಯದು ಉತ್ತಮ ಕ್ಷಮೆ. ಪರ್ವ ಮುಗಿದ ಬಳಿಕ ಶ್ರಾವಕರು ಕ್ಷಮಾವಾಣಿಯನ್ನು ಆಚರಿಸುತ್ತಾರೆ. ಅಂದು ಅನ್ಯರನ್ನು ಕ್ಷಮಿಸಿದರಷ್ಟೇ ಸಾಲದು. ತಿಳಿದೋ ತಿಳಿಯದೆಯೋ ನೋಯಿಸಿದ ಸಕಲ ಜೀವಿಗಳಲ್ಲಿ ಕ್ಷಮೆಯನ್ನು ಬೇಡಲೂ ಬೇಕು.

1948ರಲ್ಲಿ ಇದೇ ಭಾದ್ರಪದದ ಪರ್ವಕಾಲ. ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು, ಕಲಬುರಗಿಯನ್ನೊಳಗೊಂಡ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಕನ್ನಡ, ತೆಲುಗು, ಮರಾಠಿ, ಉರ್ದು ನುಡಿಗಳು ಕೂಡಿ ಬಾಳಿದ ನಾಡದು. ಅದಕ್ಕೂ ಮುನ್ನ ರಜಾಕಾರರ ದಾಳಿಗೆ ಅನೇಕ ಹಿಂದೂ ಗ್ರಾಮಗಳು ನಲುಗಿದ್ದವು; ಬೀದರ್ ಸೀಮೆಯ ಗೋರಟಾ ಅದಕ್ಕೆ ಸಾಕ್ಷಿ. ತರುವಾಯ ಪ್ರತೀಕಾರದ ಕಿಚ್ಚಿಗೆ ನಿರಪರಾಧಿ ಮುಸ್ಲಿಮರು ಬಲಿಯಾದರು. ಪಂಡಿತ ಸುಂದರಲಾಲ್ ಸಮಿತಿಯು ಆ ಸಾವುಗಳನ್ನು 27,000ದಿಂದ 40,000 ಎಂದು ಅಂದಾಜಿಸಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್‌ಗಳನ್ನೂ ಹೆಸರಿಸಿತು. 1956ರ ನವೆಂಬರ್ 1ರಂದು ಆ ನಾಡು ಭಾಷಾವಾರು ಮೂರು ರಾಜ್ಯಗಳಿಗೆ ಹಂಚಿಹೋಯಿತು.

ನಾಡಿನೊಡನೆ ನೆನಪೂ ಹಂಚಿಹೋದುದೇ ದೊಡ್ಡ ನಷ್ಟ. ಒಬ್ಬರು ರಜಾಕಾರರ ಕ್ರೌರ್ಯವನ್ನಷ್ಟೇ ನೆನೆದರೆ, ಇನ್ನೊಬ್ಬರು ಅನಂತರದ ಹತ್ಯೆಗಳನ್ನಷ್ಟೇ ನೆನೆಯುತ್ತಾರೆ. ಇಬ್ಬರು ಕಂಡದ್ದೂ ಸುಳ್ಳಲ್ಲ, ಆದರೆ ಯಾವುದೂ ಪೂರ್ಣವಲ್ಲ ಎನ್ನುತ್ತದೆ ಅನೇಕಾಂತ. ತನ್ನವರ ನೋವಿನ ಪಕ್ಕದಲ್ಲಿ ನೆರೆಯವರ ನೋವನ್ನೂ ಇರಿಸಿ ನೋಡಿದಾಗಲೇ ವೈರದ ಕಷಾಯ ಕರಗುತ್ತದೆ.

ಕಲಬುರಗಿಯಿಂದ ಕಮಲಾಪುರದ ಮೂಲಕ ಬೀದರಿನತ್ತ ಸಾಗುವ ಹಾದಿಯ ಊರುಗಳಲ್ಲಿ ಇಂದಿಗೂ ಕನ್ನಡ, ಉರ್ದು ಜೊತೆಯಾಗಿ ಕೇಳಿಬರುತ್ತವೆ. ಪ್ರತಿ ಸೆಪ್ಟೆಂಬರ್ 17ರಂದು ಅಲ್ಲಿ ಧ್ವಜವೇರಿಸುವ ಕೈಗಳು, ನೆರೆಮನೆಯವರ ಮುಂದೆ ಒಮ್ಮೆ ಜೋಡಿಸಲ್ಪಟ್ಟರೆ ಅದೇ ನಿಜವಾದ ಕ್ಷಮಾವಾಣಿ.